ಬೇರೆ ಪಾತ್ರೆಯ ಮುದ್ದೆ

ನನ್ನ ಗಂಡ ಸುನೀಲನಿಗೆ ಮೂವತ್ತೆಂಟು. ಮದುವೆಯಾದ ಒಂಬತ್ತು ವರ್ಷದಲ್ಲಿ ಅವನು ಮೈ ಬಗ್ಗಿಸಿ ಬೆವರಿದ್ದನ್ನು ನಾನು ನೋಡಿದ್ದು ಗ್ಯಾಸ್ ಸಿಲಿಂಡರನ್ನು ಮಹಡಿಗೆ ಹೊತ್ತು ತಂದಾಗ ಮಾತ್ರ. ಅಂಥವನು ಈ ಜನವರಿಯಲ್ಲಿ ಒಂದು ದಿನ ಬೆಳಗ್ಗೆ ಐದೂವರೆಗೆ ಎದ್ದು, ಹಳೇ ಟ್ರ್ಯಾಕ್ ಪ್ಯಾಂಟ್ ಏರಿಸಿಕೊಂಡು, ಹಲಸೂರು ಮಾರ್ಕೆಟ್ಟಿನ ಹಿಂದಿನ ಜಿಮ್ಮಿಗೆ ಹೊರಟ. ಬೀದಿಯವರೆಲ್ಲ ನಕ್ಕರು. ನಾನು ಕೆಲಸ ಮಾಡುವ ಕಾಕ್ಸ್‌ಟೌನ್ ಬೇಕರಿಯಲ್ಲಂತೂ, ಹೆಂಡತಿ ಕೇಕ್ ಮಾರುತ್ತಾಳೆ, ಗಂಡ ಬೊಜ್ಜು ಕರಗಿಸುತ್ತಾನೆ ಅಂತ ದಿನಾ ಕಾಲೆಳೆದರು. ನಾನೂ ನಗುತ್ತಿದ್ದೆ. ಅವನು ಯಾಕೆ ಹೋಗುತ್ತಿದ್ದಾನೆ ಅಂತ ನನಗೆ ಗೊತ್ತಿತ್ತು.

ವಿಷಯ ಹೀಗಿತ್ತು. ಸುನೀಲನ ಅಣ್ಣ ಮಧುಕರ್ ಬಾವನ ಲಿವರ್ ಪೂರ್ತಿ ಕೆಟ್ಟಿತ್ತು. ಒಂದು ಹನಿ ಕುಡಿದವರಲ್ಲ. ಯಾವಾಗಲೋ ಸದ್ದಿಲ್ಲದೆ ಬಂದು ಕೂತ ಕಾಮಾಲೆಯ ವೈರಸ್ ಒಳಗೊಳಗೇ ತಿಂದುಹಾಕಿತ್ತು. ನೋಡಲು ಬಂದವರೆಲ್ಲ ಬಾಗಿಲಲ್ಲೇ ದನಿ ತಗ್ಗಿಸಿ, 'ಎಷ್ಟು ವರ್ಷದಿಂದ ಕುಡೀತಿದ್ರು?' ಅಂತ ಕೇಳುವಾಗ ನನಗೆ ಮೈ ಉರಿಯುತ್ತಿತ್ತು. ಯಾರಾದರೂ ತಮ್ಮ ಲಿವರಿನ ಒಂದು ಭಾಗ ಕೊಟ್ಟರೆ ಬಾವ ಉಳಿಯುತ್ತಾರೆ ಅಂದರು ಡಾಕ್ಟರು. ಬಾವನ ಹೆಂಡತಿ ಸಂಘಮಿತ್ರಾ ಅಕ್ಕನಿಗೆ ಸಕ್ಕರೆ ಕಾಯಿಲೆ, ಅವರದು ಆಗುವುದಿಲ್ಲ. ರಕ್ತ ಹೊಂದಿದ್ದು ಸುನೀಲನದು. ಆದರೆ ಅವನ ಲಿವರಿನಲ್ಲಿ ಹದಿನೆಂಟು ಪರ್ಸೆಂಟ್ ಕೊಬ್ಬು ಇತ್ತು.

'ಹತ್ತಕ್ಕಿಂತ ಕೆಳಗೆ ಬರ್ಬೇಕು. ಎಂಟು ವಾರ ಟೈಮ್ ಕೊಡ್ತೀವಿ,' ಅಂದರು ಡಾಕ್ಟರು. ಪಕ್ಕದಲ್ಲಿದ್ದ ಆಹಾರ ತಜ್ಞೆ ಬಿಡಿಸಿ ಹೇಳಿದಳು: 'ಉಪವಾಸ ಬೀಳ್ಬೇಡಿ ಸರ್. ಬರೀ ಉಪವಾಸ ಇದ್ರೆ ಕೊಬ್ಬಿನ ಜೊತೆ ಮಸಲ್ಲೂ ಹೋಗುತ್ತೆ. ಆಪರೇಷನ್ ಆದ್ಮೇಲೆ ಎದ್ದು ನಿಲ್ಲೋಕೆ ಅದು ಬೇಕು. ಕೊಬ್ಬು ಇಳೀಬೇಕು, ಮೈ ಗಟ್ಟಿ ಆಗ್ಬೇಕು. ಎರಡೂ ಒಟ್ಟಿಗೆ.'

ಆ ದಿನವೇ ನನ್ನ ಮುಂದೆಯೂ ಒಂದು ಕಾಗದ ಇಟ್ಟರು. ಕೊಡುವವನ ಹೆಂಡತಿಯ ಒಪ್ಪಿಗೆ. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ವೀಲ್ ಚೇರಿನಲ್ಲಿದ್ದ ಬಾವ ಮಾತ್ರ ಕಿಟಕಿಯ ಕಡೆ ನೋಡುತ್ತಿದ್ದರು. ನಾನು ಸಹಿ ಹಾಕಿದೆ. ಹಾಕದೆ ಇನ್ನೇನು ಮಾಡಲಿ? ನನಗೆ ಸ್ಕೂಟರ್ ಕಲಿಸಿದ್ದು ಅವರು. ಹೆರಿಗೆಗೆ ಆಸ್ಪತ್ರೆ ಸೇರಿದಾಗ ಎರಡು ದಿನ ಹೊರಗಿನ ಬೆಂಚಿನಲ್ಲಿ ಕೂತಿದ್ದವರು ಅವರು. ಅವರು ಸಾಯಲಿ ಅಂತ ನಾನು ಯಾವತ್ತೂ ಅಂದುಕೊಂಡಿಲ್ಲ. ನನ್ನ ಗಂಡ ಸಾಯಬಾರದು ಅಂತ ಮಾತ್ರ ಅಂದುಕೊಂಡೆ. ಅಷ್ಟು ದೊಡ್ಡ ಆಪರೇಷನ್ನಿನಲ್ಲಿ ಕೊಡುವವನಿಗೂ ಅಪಾಯ ಇದ್ದೇ ಇದೆ ಅಂತ ಆ ಕಾಗದದಲ್ಲೇ ಬರೆದಿತ್ತು. ಸಾವಿರದಲ್ಲಿ ಎಲ್ಲೋ ಒಬ್ಬರು ಅಂದರು ಡಾಕ್ಟರು. ಆ ಒಬ್ಬನಿಗೂ ನಮ್ಮ ಪೂಜಿತಾಳಂಥ ಆರು ವರ್ಷದ ಮಗಳಿರಬಹುದು ಅಂತ ನನಗನಿಸಿತು. ಬಾಯಿ ಬಿಟ್ಟು ಹೇಳಲಿಲ್ಲ.

ಹೊರಡುವಾಗ ಬಾವ ಒಂದೇ ಮಾತು ಕೇಳಿದರು. 'ಅಮ್ಮಂಗೆ ಹೇಳ್ಬೇಡಿ. ಒಬ್ಬ ಮಗ ಉಳೀಬೇಕು ಅಂದ್ರೆ ಇನ್ನೊಬ್ಬನ್ನ ಕುಯ್ಯಬೇಕು ಅಂದ್ರೆ ಅವಳು ಏನಂತ ಹೇಳ್ಬೇಕು? ಹೂಂ ಅನ್ನೋಕಾಗುತ್ತಾ, ಊಹೂಂ ಅನ್ನೋಕಾಗುತ್ತಾ? ಎಲ್ಲ ಮುಗಿದ್ಮೇಲೆ ಹೇಳೋಣ.'

ಹಾಗಾಗಿ ನಮ್ಮ ಅತ್ತೆ ಮುನಿವೆಂಕಟಮ್ಮನಿಗೆ ನಾವೆಲ್ಲ ಸೇರಿ ಒಂದು ಕತೆ ಕಟ್ಟಿದೆವು. ಬಾವನಿಗೆ ಔಷಧಿ ನಡೆಯುತ್ತಿದೆ, ನಿಧಾನಕ್ಕೆ ವಾಸಿಯಾಗುತ್ತೆ. ಸುನೀಲ ಜಿಮ್ಮಿಗೆ ಹೋಗುವುದು ದೊಡ್ಡನೆಕ್ಕುಂದಿಯ ಅವನ ಫ್ಯಾಕ್ಟರಿಯಲ್ಲಿ ವಾರ್ಷಿಕೋತ್ಸವಕ್ಕೆ ಬಾಡಿ ಕಾಂಪಿಟೇಷನ್ ಇದೆ ಅಂತ. ಈ ಎರಡನೆಯದು ಹೊಳೆದದ್ದು ಸುನೀಲನಿಗೆ. ತನ್ನ ಜಾಣತನಕ್ಕೆ ತಾನೇ ಬೆನ್ನು ತಟ್ಟಿಕೊಂಡಿದ್ದ.

ಅತ್ತೆಯ ಮುಖ ಅರಳಿದ್ದನ್ನು ನೋಡಬೇಕಿತ್ತು. ನಮ್ಮ ಮಾವ ವೆಂಕಟಸ್ವಾಮಿ ಬದುಕಿದ್ದಾಗ ಹಲಸೂರಿನ ಗರಡಿಯಲ್ಲಿ ಹೆಸರು ಮಾಡಿದ ಪೈಲ್ವಾನ್. ಇಬ್ಬರು ಮಕ್ಕಳಲ್ಲಿ ಒಬ್ಬನೂ ಅಖಾಡದ ಮಣ್ಣು ಮುಟ್ಟಲಿಲ್ಲ ಅನ್ನುವುದು ಅತ್ತೆಯ ಹಳೇ ಕೊರಗು. 'ಈಗ ಎದ್ದಿತು ನೋಡೇ ನಿಮ್ಮ ಮಾವನ ರಕ್ತ,' ಅಂತ ನನ್ನ ಕೈ ಹಿಡಿದುಕೊಂಡರು. ಗೋಡೆಯ ಮೇಲಿದ್ದ ಮಾವನ ಫೋಟೋವನ್ನು ಇಳಿಸಿ, ಒರೆಸಿ, ಮತ್ತೆ ಹಾಕಿದರು.

ಡಯಟ್ ಚಾರ್ಟಿನಲ್ಲಿ ಬೆಳಗ್ಗೆ ಒಂದು, ಸಂಜೆ ಒಂದು ಸಣ್ಣ ಮುದ್ದೆ ಇತ್ತು. ತಲಾ ನೂರೈವತ್ತು ಗ್ರಾಂ. ಜೊತೆಗೆ ಮೊಟ್ಟೆಯ ಬಿಳಿ, ಬೇಯಿಸಿದ ಕಾಳು, ಎಣ್ಣೆಯಿಲ್ಲದ ಸೊಪ್ಪು. ನಾನು ಅಡುಗೆಮನೆಗೆ ಪುಟ್ಟ ತಕ್ಕಡಿ ತಂದೆ. ಸುನೀಲನ ಮುದ್ದೆ ಬೇರೆ ಪಾತ್ರೆಯಲ್ಲಿ ಆಗಬೇಕು, ತೂಗಿ ಕೊಡಬೇಕು ಅಂದೆ. ಬೆಳಗ್ಗೆ ನಾನು ಪೂಜಿತಾಳಿಗೆ ಜಡೆ ಹಾಕಿ ಸ್ಕೂಲಿಗೆ ಹೊರಡಿಸಬೇಕಿತ್ತು, ಸಂಜೆ ಬೇಕರಿಯಿಂದ ಬರುವುದು ತಡವಾಗುತ್ತಿತ್ತು, ಹಾಗಾಗಿ ಎರಡು ಹೊತ್ತಿನ ಮುದ್ದೆಯ ಕೆಲಸವೂ ಅತ್ತೆಯದೇ ಆಯಿತು. ಅವರು ಶ್ರದ್ಧೆಯಿಂದ ತೂಗುತ್ತಿದ್ದರು. ನೂರೈವತ್ತಕ್ಕಿಂತ ಒಂದು ಗ್ರಾಂ ಹೆಚ್ಚಾದರೂ ಚಿಟಿಕೆಯಷ್ಟು ತೆಗೆಯುತ್ತಿದ್ದರು.

ಮೂರನೇ ವಾರ. ಮಗಳ ನೀರಿನ ಬಾಟಲಿ ತರಲು ನಾನು ಅಡುಗೆಮನೆಯ ಬಾಗಿಲಿಗೆ ಹೋದೆ. ಅತ್ತೆ ಒಲೆಯ ಕಡೆ ತಿರುಗಿ ನಿಂತಿದ್ದರು. ಸುನೀಲನ ಪಾತ್ರೆಯಲ್ಲಿ ಕುದಿಯುತ್ತಿದ್ದ ಎಸರು ನೀರಿನ ಬಣ್ಣದಲ್ಲಿರಲಿಲ್ಲ. ಹಾಲಿನಷ್ಟು ಬೆಳ್ಳಗಿತ್ತು. ಪಕ್ಕದ ಮಿಕ್ಸಿ ಜಾರಿನಲ್ಲಿ ರುಬ್ಬಿದ ಕಡಲೆಕಾಯಿ ಬೀಜ, ಎಳ್ಳು. ಅತ್ತೆ ಹಿಟ್ಟು ಹಾಕಿ ಕೋಲಿನಲ್ಲಿ ತಿರುವಿ, ಡಬ್ಬಿಯಿಂದ ನಿಂಬೆಗಾತ್ರದ ಬೆಣ್ಣೆ ತೆಗೆದು ಅದರೊಳಗೆ ಸೇರಿಸಿದರು. ಮತ್ತೆ ತಿರುವಿದರು. ಗರಡಿಯ ಮುದ್ದೆ ಅದು. ಮಾವನಿಗೆ ಅವರ ತಾಯಿ ಮಾಡಿಕೊಡುತ್ತಿದ್ದದ್ದು, ಆಮೇಲೆ ಅತ್ತೆ ಇಪ್ಪತ್ತು ವರ್ಷ ಮಾಡಿಕೊಟ್ಟದ್ದು. ಸಾಮು ಮಾಡುವ ಗಂಡಸಿಗೆ ಬರೀ ನೀರಿನ ಮುದ್ದೆ ಹಾಕುವುದು ಅವರ ಲೆಕ್ಕದಲ್ಲಿ ಪಾಪ. ಸೊಸೆಗೆ ಓದಿದ ಜಂಬ, ಚಾರ್ಟು ಹಿಡಿದು ಮಗನನ್ನು ಒಣಗಿಸುತ್ತಿದ್ದಾಳೆ ಅಂದುಕೊಂಡು ತಾವೇ ದಾರಿ ಕಂಡುಕೊಂಡಿದ್ದರು. ಕೊರೊನಾ ಬಂದು ಹೋದಮೇಲೆ ಸುನೀಲನ ಮೂಗಿಗೆ ವಾಸನೆ ತಿಳಿಯುವುದಿಲ್ಲ. 'ಈಚೆಗೆ ಮುದ್ದೆ ಎಷ್ಟು ಮೆತ್ತಗಿದೆ ಅಮ್ಮ,' ಅನ್ನುತ್ತಿದ್ದ. 'ಹೊಸ ರಾಗಿ ಕಣಪ್ಪ,' ಅನ್ನುತ್ತಿದ್ದರು.

ತೂಕ ನೂರೈವತ್ತೇ ಇತ್ತು. ತಕ್ಕಡಿಗೆ ಒಳಗೇನಿದೆ ಅಂತ ಹೇಗೆ ಗೊತ್ತಾಗಬೇಕು?

ನಾನು ಬಾಯಿ ತೆರೆದೆ. 'ಅತ್ತೆ' ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆಗ ನನ್ನ ತಲೆಯೊಳಗೆ ಒಂದು ಯೋಚನೆ ಬಂತು. ಇದು ಹೀಗೇ ನಡೆದರೆ ಕೊಬ್ಬು ಇಳಿಯುವುದಿಲ್ಲ. ಇಳಿಯದಿದ್ದರೆ ಸುನೀಲನನ್ನು ಯಾರೂ ಟೇಬಲ್ಲಿನ ಮೇಲೆ ಮಲಗಿಸುವುದಿಲ್ಲ. ನಾನು ಬೇಡ ಅನ್ನಬೇಕಿಲ್ಲ, ಬಾವನ ಮುಂದೆ ಕೆಟ್ಟವಳಾಗಬೇಕಿಲ್ಲ. ಏನೂ ಮಾಡದೆ ಸುಮ್ಮನಿದ್ದರೆ ಸಾಕು.

ಬಾಟಲಿ ತೆಗೆದುಕೊಳ್ಳದೆ ಹಿಂದೆ ಬಂದೆ. ಪೂಜಿತಾ ಅಂದು ಬಾಟಲಿಯಿಲ್ಲದೆ ಸ್ಕೂಲಿಗೆ ಹೋದಳು.

ಮಾರನೇ ದಿನ ಹೇಳೋಣ ಅಂದುಕೊಂಡೆ. ಆಮೇಲೆ ಭಾನುವಾರ ಅಂದುಕೊಂಡೆ. ಇದೇನು ನಾನು ಹಾಕಿದ ಬೆಣ್ಣೆಯೇ ಅಂತ ನನಗೆ ನಾನೇ ವಾದ ಮಾಡಿದೆ. ಬೇಕರಿಯಲ್ಲಿ ಗಿರಾಕಿ ಒಂದು ಕೇಳಿದರೆ ಇನ್ನೊಂದು ಕಟ್ಟಿಕೊಟ್ಟೆ. ಸಂಘಮಿತ್ರಾ ಅಕ್ಕ ಕೆ.ಆರ್. ಪುರದಿಂದ ದಿನಾ ಫೋನ್ ಮಾಡಿ, 'ಸುನೀಲ ಹೇಗಿದಾನೆ ಯಮುನಾ? ಸರಿಯಾಗಿ ಊಟ ಮಾಡ್ತಿದಾನಾ?' ಅಂತ ಕೇಳುವಾಗ, 'ಚಾರ್ಟ್ ಪ್ರಕಾರನೇ ಅಕ್ಕ,' ಅನ್ನುತ್ತಿದ್ದೆ. ಅವರು ಅತ್ತುಬಿಡುತ್ತಿದ್ದರು. 'ನಿನ್ನ ಋಣ ತೀರಿಸೋಕಾಗಲ್ಲಮ್ಮ,' ಅನ್ನುತ್ತಿದ್ದರು. ಫೋನ್ ಇಟ್ಟಮೇಲೆ ನನಗೆ ನನ್ನ ಮೇಲೇ ಅಸಹ್ಯವಾಗುತ್ತಿತ್ತು.

ಹುಣ್ಣಿಮೆ ಬಂತು. ಹುಣ್ಣಿಮೆಯ ದಿನ ನಮ್ಮ ಮನೆಯಲ್ಲಿ ಎಲ್ಲರೂ ಬಿಳಿ ಬಟ್ಟೆ ಉಟ್ಟು, ಬುದ್ಧನ ಮುಂದೆ ದೀಪ ಹಚ್ಚಿ ಪಂಚಶೀಲ ಹೇಳುತ್ತೇವೆ. ಈ ಸಲ ಪೂಜಿತಾ ಹೇಳಿಕೊಡುವುದು, ನಾವು ಹಿಂದೆ ಹೇಳುವುದು ಅಂತ ಅವಳದೇ ಏರ್ಪಾಡು. ಮೊದಲನೆಯದು ಕೊಲ್ಲುವುದಿಲ್ಲ ಅಂತ. ನಾಲ್ಕನೆಯದು ಸುಳ್ಳಾಡುವುದಿಲ್ಲ ಅಂತ. ನಾಲ್ಕನೆಯದಕ್ಕೆ ಬಂದಾಗ ಅತ್ತೆಯ ದನಿಯೂ ಕೇಳಲಿಲ್ಲ, ಸುನೀಲನದೂ ಕೇಳಲಿಲ್ಲ, ನನ್ನದೂ ಇಲ್ಲ. ಮೂವರೂ ಒಬ್ಬೊಬ್ಬರ ಬೆನ್ನ ಹಿಂದೆ ಒಂದೊಂದು ಬಚ್ಚಿಟ್ಟುಕೊಂಡು ಕೂತಿದ್ದೆವು. 'ಜೋರಾಗಿ ಹೇಳ್ರೀ ಎಲ್ರೂ!' ಅಂತ ಮಗಳು ಗದರಿದಳು. ಜೋರಾಗಿ ಹೇಳಿದೆವು. ಮೊದಲನೆಯದು ನನಗೆ ಆಮೇಲೆ, ಪಾತ್ರೆ ತೊಳೆಯುವಾಗ ನೆನಪಾಯಿತು.

ಆರನೇ ವಾರ ಜಿಮ್ಮಿನ ಮಾಸ್ತರು ಇನಾಯತ್ ಉಲ್ಲಾ ಮನೆಗೇ ಬಂದರು. ವಿಷಯ ಗೊತ್ತಿದ್ದ ಹೊರಗಿನವರು ಅವರೊಬ್ಬರೇ. ಗೊತ್ತಾದಮೇಲೆ ಸುನೀಲನನ್ನು ತಾವೇ ಪಕ್ಕದಲ್ಲಿ ನಿಂತು ಸಾಮು ಮಾಡಿಸುತ್ತಿದ್ದರು. ಅತ್ತೆ ಮಾರ್ಕೆಟ್ಟಿಗೆ ಹೋಗಿದ್ದರು. ಇನಾಯತ್ ಜೇಬಿನಿಂದ ಟೇಪು ತೆಗೆದು ಸುನೀಲನ ತೋಳು, ಎದೆ, ಸೊಂಟ ಅಳೆದರು. ಹಳೆಯ ಚೀಟಿ ನೋಡಿದರು.

'ತೋಳು ಒಂದೂಕಾಲು ಇಂಚು ಬಂದಿದೆ. ತೊಡೆ ಬಂದಿದೆ. ತಾಕತ್ತು ಡಬಲ್ ಆಗಿದೆ. ಆದ್ರೆ ಹೊಟ್ಟೆ ಇಷ್ಟೇ ಇಷ್ಟು ಇಳಿದಿದೆ. ಹೀಗಾಗ್ಬಾರ್ದು,' ಅಂದರು. ಆಮೇಲೆ ನನ್ನ ಕಡೆ ತಿರುಗಿದರು. 'ಭಾಭಿ, ಸಚ್ ಹೇಳಿ. ಮನೇಲಿ ಬೇರೆ ಏನಾದ್ರೂ ಹೋಗ್ತಿದ್ಯಾ ಇವರ ಹೊಟ್ಟೆಗೆ? ಎಣ್ಣೆ, ತುಪ್ಪ, ಬೇಕರಿ ಐಟಮ್?'

ಸುನೀಲ ನಗುತ್ತಾ, 'ಇವಳಾ? ಬೇಕರಿ ಕವರ್‌ನೂ ಮನೆಗೆ ತರಲ್ಲ ಗುರು,' ಅಂದ. ಅವನ ಕಣ್ಣಿನಲ್ಲಿ ನನ್ನ ಬಗ್ಗೆ ಎಂಥ ಹೆಮ್ಮೆ ಇತ್ತು.

'ಏನೂ ಇಲ್ಲ. ತೂಗಿನೇ ಕೊಡ್ತಿದೀವಿ,' ಅಂದೆ.

ಅಲ್ಲಿಯತನಕ ನಾನು ಸುಮ್ಮನಿದ್ದೆ, ಬಹಳವೆಂದರೆ ಫೋನಿನಲ್ಲಿ ಸುಳ್ಳು ಹೇಳಿದ್ದೆ. ಅವತ್ತು ಮನುಷ್ಯರ ಕಣ್ಣಲ್ಲಿ ಕಣ್ಣಿಟ್ಟು ಹೇಳಿದೆ. ಇನಾಯತ್ ಟೇಪು ಸುತ್ತಿಕೊಂಡು, 'ಹಾಗಾದ್ರೆ ನಂದೇ ತಪ್ಪು. ಇನ್ನೂ ಜಾಸ್ತಿ ಮಾಡಿಸ್ತೀನಿ,' ಅಂದರು. ಮಾರನೇ ದಿನದಿಂದ ಸುನೀಲ ಬೆಳಗ್ಗೆಯ ಜೊತೆ ಸಂಜೆಯೂ ಹೋದ. ಫ್ಯಾಕ್ಟರಿಯಿಂದ ಬಂದು, ಹಲಸೂರು ಕೆರೆಯ ಸುತ್ತ ನಡೆದು, ಆಮೇಲೆ ಕಬ್ಬಿಣ ಎತ್ತಿ, ಮನೆಗೆ ಬಂದು ಆ ಮುದ್ದೆ ತಿಂದು ಮಲಗುತ್ತಿದ್ದ. ಮೈಕೈ ನೋವಿಗೆ ಮಗ್ಗುಲಾಗಲೂ ಆಗುತ್ತಿರಲಿಲ್ಲ. ನಾನು ಅವನ ಬೆನ್ನಿಗೆ ಮುಲಾಮು ತಿಕ್ಕುತ್ತಿದ್ದೆ.

ಎಂಟು ವಾರ ಮುಗಿದು ಸ್ಕ್ಯಾನ್ ಆಯಿತು. ಹದಿನೈದು.

'ಮಸಲ್ ತುಂಬಾ ಚೆನ್ನಾಗಿ ಬಂದಿದೆ. ಆದ್ರೆ ಲಿವರ್ ರೆಡಿ ಇಲ್ಲ,' ಅಂದರು ಡಾಕ್ಟರು. ಅದೇ ಆಸ್ಪತ್ರೆಯ ಮೇಲಿನ ಮಹಡಿಯಲ್ಲಿ ಬಾವ ಹೊಟ್ಟೆಯ ನೀರು ತೆಗೆಸಿಕೊಂಡು ಮಲಗಿದ್ದರು. ಮೈ ಅರಿಶಿನವಾಗಿತ್ತು. ಇನ್ನು ನಾಲ್ಕು ವಾರ ಹೇಗೋ ತಡೆಯಬಹುದು, ಅದರಾಚೆಗೆ ನಾನು ಮಾತು ಕೊಡಲಾರೆ ಅಂದರು ಡಾಕ್ಟರು. ಸುನೀಲ ಹೋಗಿ ಅಣ್ಣನ ಕಾಲ ಬಳಿ ನಿಂತ. 'ಸಾರಿ ಅಣ್ಣ' ಅಂದ. ಬಾವ ಅವನ ತೋಳು ಹಿಸುಕಿ ನೋಡಿ, 'ಏನ್ ಬಾಡಿ ಮಾಡಿದೀಯೋ. ಅಪ್ಪ ನೋಡ್ಬೇಕಿತ್ತು,' ಅಂದರು. ನಾನು ಅಲ್ಲಿ ನಿಲ್ಲಲಾರದೆ ಹೊರಗೆ ಬಂದೆ. ಗೆದ್ದೆ ಅಂತ ಸಂತೋಷ ಆಗಬೇಕಿತ್ತಲ್ಲ? ಒಂದಿಷ್ಟೂ ಆಗಲಿಲ್ಲ.

ಮನೆಗೆ ಬಂದ ಸುನೀಲ ಹಾಲ್‌ನಲ್ಲಿ ನೆಲದ ಮೇಲೆ ಕೂತು ಅಳತೊಡಗಿದ. ಅತ್ತೆ ಸೊಪ್ಪು ಬಿಡಿಸುವುದನ್ನು ಬಿಟ್ಟು ಓಡಿ ಬಂದರು.

'ಯಾಕಪ್ಪ? ಕಾಂಪಿಟೇಷನ್ ಆಗೋಯ್ತಾ? ಸೋತ್ಯಾ? ಹೋಗ್ಲಿ ಬಿಡು ಮಗ. ಇನ್ನೊಂದು ಸಲ ನೋಡು, ನಾನಿದೀನಿ. ಇನ್ನೂ ಚೆನ್ನಾಗಿ ಹಾಕ್ತೀನಿ ನಿಂಗೆ.'

'ಕಾಂಪಿಟೇಷನ್ನೂ ಇಲ್ಲ, ಏನೂ ಇಲ್ಲಮ್ಮ,' ಅಂದ ಸುನೀಲ. ಹೇಳಿಬಿಟ್ಟ. ಬಾವನ ಲಿವರು, ತನ್ನ ಲಿವರು, ಹದಿನೆಂಟು, ಹತ್ತು, ಹದಿನೈದು, ಎಲ್ಲ. 'ಎಂಟು ವಾರ ಒಂದು ಸ್ವೀಟು ಮುಟ್ಟಿಲ್ಲ. ಆದ್ರೂ ಇಳೀಲಿಲ್ಲ. ನನ್ನ ಮೈಯ್ಯೇ ಸರಿ ಇಲ್ಲಮ್ಮ.'

ಅತ್ತೆ ಅಳಲಿಲ್ಲ. ಕೇಳಿಸಿಕೊಂಡು ಎದ್ದು ಅಡುಗೆಮನೆಗೆ ಹೋದರು. ಕಡಲೆಕಾಯಿ ಬೀಜದ ಡಬ್ಬಿ, ಎಳ್ಳಿನ ಡಬ್ಬಿ, ಬೆಣ್ಣೆಯ ಡಬ್ಬಿ ಮೂರನ್ನೂ ತಂದು ಮಗನ ಮುಂದೆ ಇಟ್ಟರು.

'ನಿನ್ನ ಮೈ ಸರಿಯಾಗೇ ಇದೆ. ನಾನು ದಿನಾ ಇದನ್ನ ಹಾಕಿದೀನಿ, ಎರಡು ಹೊತ್ತೂ. ನಿಮ್ಮಪ್ಪನಿಗೆ ಹಾಕ್ದಂಗೆ,' ಅಂದರು. ಆಮೇಲೆ ತಮ್ಮ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡರು. 'ಈ ಕೈಯಲ್ಲೇ ಮಧೂ ಜೀವ ಕಿತ್ಕೊಂಡ್ನಲ್ಲೋ.'

ಸುನೀಲ ಅವರನ್ನು ತಬ್ಬಿಕೊಂಡ. 'ನಿಂಗೇನ್ ಗೊತ್ತಿತ್ತಮ್ಮ? ನಾವು ಹೇಳಿದ್ರೆ ತಾನೇ? ಯಾರಿಗೂ ಗೊತ್ತಿರ್ಲಿಲ್ಲ,' ಅಂದ.

ಅತ್ತೆ ಅವನ ಹೆಗಲ ಮೇಲಿಂದ ನನ್ನನ್ನು ನೋಡಿದರು. ಬಹಳ ಹೊತ್ತು ನೋಡಿದರು.

ಮಾರನೇ ದಿನ ಬೆಳಗ್ಗೆ ನಾನು ಅಡುಗೆಮನೆಗೆ ಹೋದಾಗ ಅವರು ಒಲೆಯ ಮುಂದೆ ಸುಮ್ಮನೆ ನಿಂತಿದ್ದರು. ಸುನೀಲನ ಪಾತ್ರೆ ಖಾಲಿ ಇತ್ತು.

'ಅವತ್ತು ನೀನು ಬಾಗಿಲಲ್ಲಿ ನಿಂತಿದ್ದೆ. ಬಳೆ ಸದ್ದು ಕೇಳ್ತು ನಂಗೆ,' ಅಂದರು, ತಿರುಗದೆ. 'ಬೈತಾಳೆ ಅಂದ್ಕೊಂಡೆ. ನೀನು ಸುಮ್ನೆ ಹೋದೆ. ಸೊಸೇನೂ ಒಪ್ಪಿದಾಳೆ ಅಂತ ನಂಗೆ ಎಷ್ಟು ಖುಷಿ ಆಯ್ತು ಗೊತ್ತಾ? ಮಾರನೇ ದಿನದಿಂದ ಬೆಣ್ಣೆ ಎರಡು ಉಂಡೆ ಹಾಕ್ದೆ.'

ಬಾಗಿಲು ಹಿಡಿದುಕೊಂಡೆ.

'ನಂಗೆ ಗೊತ್ತಿರ್ಲಿಲ್ಲ ಯಮುನಾ. ನಿಂಗೆ ಗೊತ್ತಿತ್ತು.' ಅವರ ದನಿಯಲ್ಲಿ ಸಿಟ್ಟು ಇದ್ದಿದ್ದರೆ ಎಷ್ಟೋ ವಾಸಿಯಾಗಿತ್ತು. 'ನಾನು ಅವನಿಗೆ ಹೇಳಲ್ಲ. ಅದು ನನ್ ಬಾಯಲ್ಲಿ ಬರ್ಬಾರ್ದು.'

ಹಾಲ್‌ಗೆ ಬಂದೆ. ಸುನೀಲ ಬಾಗಿಲ ಬಳಿ ಕೂತು ಶೂ ಕಟ್ಟುತ್ತಿದ್ದ. ಒಂದು ಕಾಲಿನದು ಆಗಿತ್ತು. ಈಗಲೂ ಬಚಾವಾಗಬಹುದು, ಅತ್ತೆ ಮಾತಿಗೆ ತಪ್ಪುವವರಲ್ಲ ಅಂತ ನನ್ನ ಹಾಳು ಬುದ್ಧಿ ಆ ಗಳಿಗೆಯಲ್ಲೂ ಹೇಳಿತು.

'ಸುನಿ, ಅಮ್ಮ ಬೆಣ್ಣೆ ಹಾಕೋದನ್ನ ನಾನು ನೋಡಿದ್ದೆ,' ಅಂದೆ.

ಅವನ ಕೈ ನಿಂತಿತು. 'ಯಾವಾಗ?'

'ಮೂರನೇ ವಾರ.'

ಅವನು ತಲೆಯೆತ್ತಲಿಲ್ಲ. ಎರಡನೇ ಶೂವಿನ ದಾರವನ್ನು ಬೆರಳಿಗೆ ಸುತ್ತಿಕೊಂಡು ಹಾಗೇ ಕೂತಿದ್ದ. 'ಅಣ್ಣನ ಮೇಲೆ ಕೋಪಾನಾ?' ಅಂತ ಕೇಳಿದ.

'ಇಲ್ಲ. ಭಯ. ನೀನು ವಾಪಸ್ ಬರಲ್ಲ ಅಂತ ಭಯ.'

'ನಂಗಿರ್ಲಿಲ್ವಾ ಭಯ?' ಅಂದ ಸುನೀಲ. ಈಗ ನನ್ನನ್ನು ನೋಡಿದ. 'ದಿನಾ ಬೆಳಗ್ಗೆ ಈ ಶೂ ಕಟ್ಟೋವಾಗ ಹೋಗೋದೇ ಬೇಡ ಅನ್ಸೋದು ಯಮುನಾ. ನೀನು ಸಹಿ ಹಾಕಿದೀಯ, ನೀನು ಧೈರ್ಯವಾಗಿದೀಯ, ಅಂತ ಹೋಗ್ತಿದ್ದೆ. ನಿನ್ನ ನೋಡ್ಕೊಂಡೇ ಹೋಗ್ತಿದ್ದೆ.'

ಬೈದಿದ್ದರೆ ನಾನೂ ಏನಾದರೂ ಹೇಳುತ್ತಿದ್ದೆ. ಅವನು ಬೈಯಲಿಲ್ಲ. ದಾರ ಕಟ್ಟಿಕೊಂಡು ಎದ್ದು ಹೋದ.

ಜಿಮ್ಮಿನಿಂದ ಬಂದವನು ಸೀದಾ ಅಡುಗೆಮನೆಗೆ ಹೋದ. 'ನೀವಿಬ್ರೂ ಹೊರಗಿರಿ,' ಅಂದ. ಗಟ್ಟಿಯಾಗಿ ಅನ್ನಲಿಲ್ಲ. ತಾನೇ ಪಾತ್ರೆಗೆ ನೀರಿಟ್ಟ, ಹಿಟ್ಟು ಹಾಕಿದ, ಕೋಲು ಹಿಡಿದ. ಜನ್ಮದಲ್ಲಿ ಮುದ್ದೆ ಮಾಡಿದವನಲ್ಲ. ಗಂಟುಗಂಟಾಗಿದ್ದನ್ನು ಹೇಗೋ ಉಂಡೆ ಕಟ್ಟಿ, ತೂಗಿ, ಗೋಡೆಗೆ ಒರಗಿ ತಿಂದ. ಹಸಿ ಹಿಟ್ಟಿನ ಗಂಟು ಹಲ್ಲಿಗೆ ಸಿಕ್ಕಾಗ ಮುಖ ಕಿವುಚಿದ್ದು ಕಾಣಿಸಿತು. ಉಗುಳಲಿಲ್ಲ.

ಅಂದಿನಿಂದ ಇವತ್ತಿನವರೆಗೆ ಇಪ್ಪತ್ತಾರು ದಿನ. ಎರಡು ಹೊತ್ತೂ ಅವನ ಮುದ್ದೆಯನ್ನು ಅವನೇ ಮಾಡಿಕೊಳ್ಳುತ್ತಾನೆ. ಸೊಂಟದ ಪ್ಯಾಂಟು ಜಾರುತ್ತಿದೆ, ತೋಳು ಹಾಗೇ ಇದೆ. ಇನಾಯತ್ ಉಲ್ಲಾ ಟೇಪು ಹಿಡಿದು, 'ಅಬ್ ಸಹಿ ಹೈ, ಈಗ ಸರಿಯಾಯ್ತು' ಅಂದರಂತೆ. ನಾನು ಆ ಮಾಸ್ತರರ ಮುಖ ನೋಡಲು ಹೋಗಿಲ್ಲ. ಬಾವ ಇನ್ನೂ ತಡೆದುಕೊಂಡಿದ್ದಾರೆ. ನಿನ್ನೆ ಜ್ವರ ಬಂದಿತ್ತು, ಇವತ್ತು ಇಳಿದಿದೆ. ಸುನೀಲ ನನ್ನ ಜೊತೆ ಮಾತಾಡುತ್ತಾನೆ: ಮಗಳ ಸ್ಕೂಲು, ನೀರಿನ ಮೋಟರು, ಹಾಲಿನ ಪ್ಯಾಕೆಟ್ಟು. ರಾಗಿ ಹಿಟ್ಟಿನ ಡಬ್ಬಿಗೆ ಮಾತ್ರ ಒಂದು ಪುಟ್ಟ ಬೀಗ ಹಾಕಿದ್ದಾನೆ. ಕೀಲಿ ಅವನ ಜೇಬಿನಲ್ಲಿರುತ್ತದೆ.

ನಾಡಿದ್ದು ಸ್ಕ್ಯಾನ್. ಈಗ ಅವನು ಒಳಗೆ ಮುದ್ದೆ ತಿರುವುತ್ತಿದ್ದಾನೆ. ಅತ್ತೆ ಮತ್ತು ನಾನು ಹಾಲ್‌ನಲ್ಲಿ ಕೂತು ಕೋಲಿನ ಸದ್ದು ಕೇಳುತ್ತಿದ್ದೇವೆ. ಅವನ ಕೈ ಪಳಗಿದೆ. ಇವತ್ತು ಗಂಟಾಗಲಿಲ್ಲ ಅನ್ನಿಸುತ್ತದೆ.